ಮುಚ್ಚಿದ ಡಬ್ಬಿ ಗೊಂಬೆಗಳು: ಮೂರು ಡಬ್ಬಿ ತೆಗೆದೆ, ಮೂರರಲ್ಲೂ ಕಪ್ಪೆ. ಇಡೀ ಬ್ರಿಕ್ ತಗೊಳ್ಳಲಾ?

ಮಸಾಲೆದೋಸೆ ಮಾಂತ್ರಿಕ · ಶನಿವಾರ ರಾತ್ರಿ 10:42

ಎಲ್ರಿಗೂ ನಮಸ್ಕಾರ. ಎಂಟು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮನೇಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಕತೆ ಆಡೋ ಆಟ) ಆಡಿಸ್ತಿದೀನಿ. ಐದು ಜನ ಆಟಗಾರರು, ನಾನು ಡಿಎಂ, ಅಂದ್ರೆ ಕತೆ ನಡೆಸೋನು. ಇಲ್ಲೀವರೆಗೂ ರಾಕ್ಷಸರಿಗೆಲ್ಲ ಚೌಕಾಬಾರದ ಡಬ್ಬಿನೇ ಗತಿ. ಹುಣಸೆಬೀಜ ಅಂದ್ರೆ ಗಾಬ್ಲಿನ್, ಬಳೆಚೂರು ಅಂದ್ರೆ ಅಸ್ಥಿಪಂಜರ, ಅಜ್ಜಿಯ ಅಡಿಕೆ ಕತ್ತರಿ ಒಂದ್ಸಲ ಡ್ರ್ಯಾಗನ್ ಆಗಿತ್ತು. ಆಟಕ್ಕೇನೂ ಕೊರತೆ ಇರಲಿಲ್ಲ. ಹೋದ ತಿಂಗಳು ಒಬ್ಬ ಹುಣಸೆಬೀಜದ ಗುಂಪಿಗೆ ಫೈರ್‌ಬಾಲ್ ಹಾಕಿ, "ಆ ಮೂಲೇದು ಸತ್ತಿದ್ಯಾ, ಇಲ್ಲ ಚಿಪ್ಸ್ ಚೂರಾ?" ಅಂತ ಕೇಳಿದ. ಅವತ್ತೇ ಗೊಂಬೆ ತರೋದು ಅಂತ ತೀರ್ಮಾನ ಮಾಡ್ದೆ.

ಪೇಂಟ್ ಮಾಡೋ ತಾಳ್ಮೆ ನನಗಿಲ್ಲ, ಕೈಯೂ ನಡುಗುತ್ತೆ. ಹಾಗಾಗಿ ಬಣ್ಣ ಹಚ್ಚಿಯೇ ಬರೋ ವಿಜ್‌ಕಿಡ್ಸ್ ಕಂಪನಿಯ ಐಕನ್ಸ್ ಆಫ್ ದ ರೆಲ್ಮ್ಸ್ ಡಬ್ಬಿ ಮೂರು ತಂದೆ. ಒಳಗೇನಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಒಂದು ದೊಡ್ಡದು, ಮೂರು ಚಿಕ್ಕದು, ಇಷ್ಟು ಗ್ಯಾರಂಟಿ. ನನಗೆ ಬೇಕಾಗಿದ್ದು ಔಲ್‌ಬೇರ್ (ಗೂಬೆ ಮೂತಿಯ ಕರಡಿ) ಒಂದು, ಗಾಬ್ಲಿನ್ ಒಂದಾರು. ಬಂದಿದ್ದು ಡಬ್ಬಿಗೊಂದರಂತೆ ಮೂರು ಬುಲ್ಲಿವಗ್. ಗೊತ್ತಿಲ್ಲದವರಿಗೆ ಹೇಳ್ತೀನಿ, ಬುಲ್ಲಿವಗ್ ಅಂದ್ರೆ ಈಟಿ ಹಿಡಿದ ಕಪ್ಪೆ ಮನುಷ್ಯ. ಅದರಲ್ಲೂ ಒಂದರ ಈಟಿ ಬೆಂದ ಶಾವಿಗೆ ತರ ಬಾಗಿದೆ. ದೊಡ್ಡ ಗೊಂಬೆ ಮೂರರಲ್ಲಿ ಎರಡು ಒಂದೇ ಥರದ ಓಗರ್ ರಾಕ್ಷಸ. ಗಾಬ್ಲಿನ್ ಸೊನ್ನೆ.

ಅಂಗಡಿಯವರು "ಎಂಟು ಡಬ್ಬಿದು ಒಂದು ಬ್ರಿಕ್ ತಗೊಳ್ಳಿ ಸರ್, ಎಲ್ಲಾ ಬರುತ್ತೆ" ಅಂತಾರೆ. ಅಮ್ಮ "ಕಪ್ಪೆಗೆ ಮದುವೆ ಮಾಡಿಸು, ಮಳೆನಾದ್ರೂ ಬರುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಸಿಂಗಲ್ಸ್ ಸೀನ · 10:51

ಅಮ್ಮನ ಮಾತು.

ಸಿಂಗಲ್ಸ್ ಸೀನ · 10:58

ತಮಾಷೆ ಬಿಡಿ. ಬೇಕಾಗಿರೋದು ಔಲ್‌ಬೇರ್ ಅಂತ ಹೆಸರು ಹಿಡಿದು ಹೇಳ್ತಿದ್ದೀರಿ. ಹೆಸರು ಗೊತ್ತಿದ್ದ ಮೇಲೆ ಮುಚ್ಚಿದ ಡಬ್ಬಿ ಯಾಕೆ? ಬೇರೆಯವರು ಡಬ್ಬಿ ಒಡೆದು ಬಿಡಿಬಿಡಿಯಾಗಿ ಮಾರ್ತಾರಲ್ಲ, ಅವರ ಹತ್ರ ತಗೊಳ್ಳಿ. ಔಲ್‌ಬೇರ್‌ಗೆ ಸ್ವಲ್ಪ ಜಾಸ್ತಿ ಕೊಡಬೇಕಾಗಬಹುದು, ಗಾಬ್ಲಿನ್ನು ಚಿಲ್ಲರೆ ಕಾಸಿಗೆ ಸಿಗುತ್ತೆ. ಮಾವಿನಹಣ್ಣು ಬೇಕು ಅಂತ ಯಾರಾದ್ರೂ ಮುಚ್ಚಿದ ಬುಟ್ಟಿ ತಗೊಂಡು, ಮನೆಗೆ ಬಂದು ಬಿಚ್ಚಿ, ಹಾಗಲಕಾಯಿ ಕಂಡು ಅಳ್ತಾರಾ?

ಲೆಕ್ಕದ ಮಾಸ್ತರ, ಧಾರವಾಡ · 11:20

ನಿದ್ದಿ ಬರವಲ್ದು, ಅದಕ್ಕ ಲೆಕ್ಕ ಹಾಕೀನಿ ನೋಡ್ರಿ.

ಒಂದು ಸೆಟ್‌ನಾಗ 16 ರೇರ್, ಅಂದ್ರ ಅಪರೂಪದ, ಗೊಂಬಿ ಅದಾವ, ಡಬ್ಬಿಗೊಂದು ರೇರ್ ಬರ್ತದ, ಎಲ್ಲಾವೂ ಸಮ ಸಂಭವ ಅಂತ ಇಟ್ಕೊಳ್ರಿ. ನಿಮ್ಮ ಔಲ್‌ಬೇರ್ ಅದರಾಗ ಒಂದು. ಒಂದು ಡಬ್ಬಿ ತಗದ್ರ ಸಿಗದೇ ಇರೂ ಸಂಭವ 16ರಾಗ 15. ಎಂಟು ಡಬ್ಬಿ ತಗದ್ರ ಅದನ್ನ ಎಂಟು ಸಲ ಗುಣಿಸ್ರಿ. ಬರೂದು 0.597. ಅಂದ್ರ ಇಡೀ ಬ್ರಿಕ್ ಹರದ್ರೂ ನೂರಕ್ಕ 60 ಸಲ ಕೈ ಖಾಲಿ. 32 ಡಬ್ಬಿ ತಗೊಂಡವ್ರಾಗ ಸೈತ ನೂರಕ್ಕ 12-13 ಮಂದಿಗೆ ಔಲ್‌ಬೇರ್ ಸಿಗಂಗಿಲ್ಲ.

ಹದಿನಾರನ್ನೂ ಕೂಡಿಸ್ತೀನಿ ಅಂತ ಹಟ ಹಿಡದ್ರ ಸರಾಸರಿ 54 ಡಬ್ಬಿ ಬೇಕು. ಇದರಾಗ ಖರೇ ಮಜಾ ಎಲ್ಲೈತಿ ಅಂದ್ರ, ಮೊದಲನೇದಕ್ಕ ಒಂದೇ ಡಬ್ಬಿ ಸಾಕು, ಯಾವುದು ಬಂದ್ರೂ ಹೊಸದ. ಕಟ್ಟಕಡೀ ಒಂದಕ್ಕ ಸರಾಸರಿ 16 ಡಬ್ಬಿ. ನಮ್ಮ ತಮ್ಮ ಸಣ್ಣಾಂವ ಇದ್ದಾಗ ಬಬಲ್‌ಗಮ್ ಕ್ರಿಕೆಟ್ ಚಿತ್ರ ಕೂಡಿಸ್ತಿದ್ದ. ಒಂದ ಒಂದು ಚಿತ್ರಕ್ಕ ಎರಡು ಹಲ್ಲು ಹಾಳ ಮಾಡ್ಕೊಂಡ.

ಪಾಲುದಾರ ಪುಟ್ಟ · 11:47

ಮಾಸ್ತರೇ, ಲೆಕ್ಕ ಸರಿ, ಆದ್ರೆ ಡಬ್ಬಿ ತುಂಬೋರು ಚೀಟಿ ಎತ್ತಿ ತುಂಬಲ್ಲ. ಕಾರ್ಖಾನೇಲಿ ಒಂದು ಕ್ರಮ ಇರುತ್ತೆ. ಎಂಟು ಡಬ್ಬಿಗೆ ಒಂದು ಬ್ರಿಕ್, ನಾಲ್ಕು ಬ್ರಿಕ್‌ಗೆ ಒಂದು ಕೇಸ್, ಒಟ್ಟು 32 ಡಬ್ಬಿ, 128 ಗೊಂಬೆ. ಒಂದೇ ಬ್ರಿಕ್ ಒಳಗೆ ಒಂದೇ ರೇರ್ ಎರಡು ಸಲ ಬರೋದು ಕಡಿಮೆ. ಪೂರ್ತಿ ಕೇಸ್ ಒಡೆದ್ರೆ ಸೆಟ್ಟಿನ ಬಹುಪಾಲು ಸಿಗುತ್ತೆ. ಇದುವರೆಗೆ ನಾನು ಪಾಲು ಹಾಕಿ ಒಡೆದ ಐದು ಕೇಸಲ್ಲಿ ತೀರಾ ಕೈಕೊಟ್ಟಿದ್ದು ಒಂದು.

ಮಾಂತ್ರಿಕರೇ, ನಿಮಗೆ ಮೂರು ಕಪ್ಪೆ ಯಾಕೆ ಬಂತು ಅಂದ್ರೆ, ಬಹುಶಃ ನಿಮ್ಮ ಮೂರು ಡಬ್ಬಿ ಮೂರು ಬೇರೆ ಬ್ರಿಕ್‌ನವು. ಅಂಗಡೀಲಿ ಚೆಲ್ಲಾಪಿಲ್ಲಿ ಜೋಡಿಸಿಟ್ಟ ಡಬ್ಬಿಗಳಿಗೆ ಮಾಸ್ತರ ಲೆಕ್ಕನೇ ಅನ್ವಯ. ಸೀಲ್ ಇರೋ ಬ್ರಿಕ್‌ಗೆ ಅಲ್ಲ.

ಮಸಾಲೆದೋಸೆ ಮಾಂತ್ರಿಕ · 11:55

ಅಂದ್ರೆ ಅಂಗಡಿಯವರು ಹೇಳಿದ್ದು ನಿಜಾನೇ?!

ಪಾಲುದಾರ ಪುಟ್ಟ · 11:56

ಅರ್ಧ ನಿಜ. ಬ್ರಿಕ್‌ನಲ್ಲಿ "ಎಲ್ಲಾ" ಬರಲ್ಲ. ಎಂಟು ಡಬ್ಬಿ ಅಂದ್ರೆ 32 ಗೊಂಬೆ. ಸೆಟ್ಟೇ ನಲವತ್ತು ಚಿಲ್ಲರೆ ಇರುವಾಗ 32ರಲ್ಲಿ ಎಲ್ಲಾ ಹೇಗೆ ಬರುತ್ತೆ? ಒಂದೂ ರಿಪೀಟ್ ಆಗದಿದ್ರೂ ಹತ್ತಾರು ಬಾಕಿ ಉಳಿಯುತ್ತೆ.

ಹಳೇ ಬೇರು · ಭಾನುವಾರ ಬೆಳಿಗ್ಗೆ 7:15

ನ್ಯೂಜೆರ್ಸಿಯಿಂದ ಬರೀತಿದ್ದೀನಿ, ಇಲ್ಲಿ ಇನ್ನೂ ಶನಿವಾರ ರಾತ್ರಿ. ಮೈಸೂರಿನವನು. ಈ ಹುಚ್ಚು ಹತ್ತಿಸಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು.

ಬಣ್ಣ ಹಚ್ಚಿದ ಗೊಂಬೆಯನ್ನ ಮುಚ್ಚಿದ ಡಬ್ಬಿಯಲ್ಲಿ ಮಾರೋದನ್ನ ನಮ್ಮ ಟೇಬಲ್ಲಿಗೆ ತಂದಿದ್ದು 2000ದಲ್ಲಿ ಬಂದ ವಿಜ್‌ಕಿಡ್ಸ್‌ನ ಮೇಜ್ ನೈಟ್. ಗೊಂಬೆ ಕೆಳಗೆ ತಿರುಗೋ ಚಕ್ರ, ಏಟು ಬಿದ್ದ ಹಾಗೆ ಕ್ಲಿಕ್ ಕ್ಲಿಕ್ ಅಂತ ತಿರುಗಿಸ್ತಾ ಹೋಗೋದು. 2002ರಲ್ಲಿ ಹೀರೋಕ್ಲಿಕ್ಸ್. ಅದು ಓಡಿದ್ದು ನೋಡಿ, ಡಿ ಅಂಡ್ ಡಿ ಪ್ರಕಟಿಸೋ ವಿಝರ್ಡ್ಸ್ ಆಫ್ ದ ಕೋಸ್ಟ್‌ನವರು 2003ರಲ್ಲಿ ಡಿ ಅಂಡ್ ಡಿ ಮಿನಿಯೇಚರ್ಸ್ ತಂದರು. ಮೊದಲ ಸೆಟ್ ಹಾರ್ಬಿಂಜರ್, 80 ಗೊಂಬೆ. ಬೂಸ್ಟರ್ ಡಬ್ಬಿಗೆ ಎಂಟು, ಅದರಲ್ಲಿ ಒಂದು ರೇರ್. ಗೊಂಬೆ ತಿರುಗಿಸಿದರೆ ಅಡಿಯಲ್ಲಿ ಗುರುತು: ಚುಕ್ಕೆ ಇದ್ದರೆ ಕಾಮನ್, ವಜ್ರ ಅನ್‌ಕಾಮನ್, ನಕ್ಷತ್ರ ರೇರ್. ನನ್ನ ಮಗಳು ಓದೋಕೆ ಕಲಿಯೋ ಮುಂಚೆ ನಕ್ಷತ್ರ ಗುರುತಿಸೋದು ಕಲಿತಳು.

ಈಗ ಸೀನ ಕೇಳಿದ "ಮುಚ್ಚಿದ ಡಬ್ಬಿ ಯಾಕೆ" ಅನ್ನೋದಕ್ಕೆ ಬರ್ತೀನಿ. ದುರಾಸೆ ಅನ್ನೋದು ಸುಲಭದ ಉತ್ತರ, ಅದೂ ಸುಳ್ಳಲ್ಲ. ಆದರೆ ಪ್ರತಿ ಗೊಂಬೆಗೂ ಉಕ್ಕಿನ ಅಚ್ಚು ಕೊರೆಸಬೇಕು, ಅದೊಂದು ದೊಡ್ಡ ಖರ್ಚು. ಆಮೇಲೆ ಬಣ್ಣ. ಚೀನಾದ ಕಾರ್ಖಾನೆಯಲ್ಲಿ ಜನ ಕೂತು ಕೈಯಲ್ಲೇ ಹಚ್ಚುತ್ತಾರೆ, ಒಂದು ಗೊಂಬೆಗೆ ಎಷ್ಟು ಸಲ ಬಣ್ಣ ಮುಟ್ಟಿಸಬೇಕು ಅನ್ನೋದರ ಮೇಲೆ ಬೆಲೆ. ಕಾಮನ್ ಗೊಂಬೆಯ ಬೆಲ್ಟಿಗೂ ಬೂಟಿಗೂ ಒಂದೇ ಕಂದು ಬಣ್ಣ ಇರೋದು ಸುಮ್ಮನೆ ಅಲ್ಲ. ಇನ್ನು ಅಂಗಡಿಯವನ ಕಷ್ಟ. ನಲವತ್ತು ಗೊಂಬೆಯನ್ನ ಬಿಡಿಬಿಡಿಯಾಗಿ ನೇತು ಹಾಕಿದರೆ ನಲವತ್ತು ಬಾರ್‌ಕೋಡ್, ನಲವತ್ತು ಕೊಕ್ಕೆ. ವಾರದಲ್ಲಿ ಡ್ರ್ಯಾಗನ್ ಖಾಲಿ, ವರ್ಷವಾದರೂ ಕಪ್ಪೆ ಹಾಗೇ. ಮುಚ್ಚಿದ ಡಬ್ಬಿಯಾದರೆ ಒಂದೇ ಸಾಮಾನು, ಕಪ್ಪೆಯನ್ನು ಡ್ರ್ಯಾಗನ್ ಹೊತ್ತುಕೊಂಡು ಹೋಗುತ್ತೆ. 2009ರಲ್ಲಿ ವಿಝರ್ಡ್ಸ್‌ನವರೇ ಅರ್ಧ ಬಾಗಿಲು ತೆರೆದರು: ವೀರರ ಗೊಂಬೆ ಕಣ್ಣಿಗೆ ಕಾಣೋ ಪ್ಯಾಕಲ್ಲಿ, ರಾಕ್ಷಸರ ಡಬ್ಬಿಯಲ್ಲಿ ಒಂದು ಕಾಣುತ್ತೆ, ಉಳಿದವು ಒಳಗೆ. 2011ರಲ್ಲಿ ಇಡೀ ಸಾಲನ್ನೇ ನಿಲ್ಲಿಸಿದರು. ಆಮೇಲೆ ಪಾತ್‌ಫೈಂಡರ್ ಬ್ಯಾಟಲ್ಸ್, 2014ರಿಂದ ಐಕನ್ಸ್, ಎರಡೂ ವಿಜ್‌ಕಿಡ್ಸ್ ಕೈಯಿಂದ, ಎರಡೂ ಮತ್ತೆ ಮುಚ್ಚಿದ ಡಬ್ಬಿ.

ಇನ್ನೊಂದು ಮಾತು, ಇದನ್ನ ಯಾರೂ ಹೇಳಲಿಲ್ಲ. ಬೆಲೆ ನಿಂತಿರೋದು ಎಷ್ಟು ಅಪರೂಪ ಅನ್ನೋದರ ಮೇಲೆ. ಡಿಎಂಗೆ ಬೇಕಾಗೋದು ಎಷ್ಟು ಸಲ ಟೇಬಲ್ ಮೇಲೆ ಬರುತ್ತೆ ಅನ್ನೋದು. ಎರಡಕ್ಕೂ ಸಂಬಂಧವೇ ಇಲ್ಲ. ನನ್ನ ಹತ್ತಿರ ನಕ್ಷತ್ರದ ಗುರುತಿನ ಒಂದು ಪಿಶಾಚ ಇದೆ, ಇಪ್ಪತ್ತು ವರ್ಷದಲ್ಲಿ ಎರಡು ಸಲ ಆಟಕ್ಕೆ ಬಂದಿದೆ. ಚುಕ್ಕೆ ಗುರುತಿನ ಓರ್ಕ್‌ಗಳು ಹನ್ನೊಂದು ಇವೆ, ಅವುಗಳ ಮೂಗಿನ ಬಣ್ಣ ಸವೆದು ಹೋಗಿದೆ. ಆಗಿನ ಕಾಲದಲ್ಲಿ ಗೊಂಬೆ ಇಟ್ಟು ಪಂದ್ಯ ಆಡೋ ಹುಡುಗರು ರೇರ್ ಎತ್ತಿಕೊಂಡು ಕಾಮನ್‌ಗಳನ್ನ ಶೂ ಡಬ್ಬಿಗೆ ತುಂಬಿ ಅಂಗಡಿಯ ಮೂಲೆಯಲ್ಲಿ ಇಡ್ತಿದ್ದರು. ನನ್ನ ಸೈನ್ಯ ಬಂದಿದ್ದು ಆ ಶೂ ಡಬ್ಬಿಗಳಿಂದ. ಮಾಂತ್ರಿಕರಿಗೆ ಮೂರು ಕಪ್ಪೆ ಬಂದದ್ದು ನಷ್ಟ ಅಂತ ನನಗನ್ನಿಸಲ್ಲ. ಒಂದೇ ಕಪ್ಪೆ ಬಂದಿದ್ದರೆ ಅದನ್ನಿಟ್ಟುಕೊಂಡು ಏನು ಮಾಡ್ತಿದ್ದರು?

ಕಟ್ಟುನಿಟ್ಟು · 8:03

ಹಿರಿಯರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಇದು ಜೂಜು, ಹೆಸರು ಮಾತ್ರ ಗೊಂಬೆ. ದುಡ್ಡು ಮೊದಲು ಕೊಡ್ತೀವಿ, ಏನು ಸಿಗುತ್ತೆ ಗೊತ್ತಿಲ್ಲ, ಸಿಗದಿದ್ದಾಗ "ಇನ್ನೊಂದೇ ಒಂದು" ಅನ್ಸುತ್ತೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಲ್ಲಿಸುವವರೆಗೂ ನಮ್ಮ ಚಿಕ್ಕಪ್ಪ ಬಸ್ ಸ್ಟ್ಯಾಂಡಲ್ಲಿ ನಿಂತು ಇದೇ ಮಾತು ಹೇಳ್ತಿದ್ದರು. ಈಗ ಮಕ್ಕಳ ಬ್ಯಾಗಲ್ಲಿ ಲಬುಬು ಗೊಂಬೆ ನೇತಾಡ್ತಿದೆ, ಅದೂ ಇದೇ ಮುಚ್ಚಿದ ಡಬ್ಬಿ. ಆ ವ್ಯಾಪಾರ ಬೆಳೆದ ಚೀನಾದಲ್ಲೇ 2023ರಲ್ಲಿ ನಿಯಮ ತಂದು, ಎಂಟು ವರ್ಷದೊಳಗಿನ ಮಕ್ಕಳಿಗೆ ಮಾರಬಾರದು ಅಂದ್ರು. ಅವರಿಗೇ ಗೊತ್ತು.

ಸಿಂಗಲ್ಸ್ ಸೀನ · 8:10

ಇದಕ್ಕೇ ಹೇಳಿದ್ದು ಬಿಡಿ ತಗೊಳ್ಳಿ ಅಂತ.

ಲೆಕ್ಕದ ಮಾಸ್ತರ, ಧಾರವಾಡ · 8:22

ಸೀನಪ್ಪ, ನೀ ಬಿಡಿ ತಗೊಳ್ಳಾಕ ಮತ್ತೊಬ್ಬಾಂವ ಡಬ್ಬಿ ಹರೀಬೇಕಲ್ಲೋ. ಎಲ್ಲಾರೂ ನಿನ್ನಂಗ ಶಾಣ್ಯಾ ಆದ್ರ ಬಿಡಿ ಮಾರವ್ರು ಎಲ್ಲಿಂದ ಬರ್ತಾರ?

ಕಟ್ಟುನಿಟ್ಟು ಅವರ ಮಾತಿಗೆ ಒಂದು ತಿದ್ದುಪಡಿ. ಲಾಟರಿ ಹತ್ತಲಿಲ್ಲಂದ್ರ ಕೈಯಾಗ ಉಳಿಯೂದು ಚೀಟಿ. ಇಲ್ಲಿ ಕಪ್ಪಿನರ ಉಳೀತದ.

ಕಟ್ಟುನಿಟ್ಟು · 8:25

ಕಪ್ಪೆ ಕೊಟ್ಟು ಕಣ್ಣೊರೆಸೋದು ಅಂದ್ರೆ ಇದೇ.

ನಿರ್ವಾಹಕ · 8:31

ಲಾಟರಿ ಚರ್ಚೆ ಬೇಕಿದ್ದವರು ಬೇರೆ ಎಳೆ ಶುರು ಮಾಡಿ. ಹದಿನೇಳು ಉತ್ತರ ಅಳಿಸಿದ್ದೇನೆ. ಚಿಕ್ಕಪ್ಪನ ಕತೆ ಮಾತ್ರ ಇರಲಿ.

ಕಡಲತಡಿ · 9:40

ಎಂತ ಮಾರಾಯ್ರೆ, ರಾತ್ರಿ ಇಡೀ ಗಲಾಟೆ ಮಾಡಿದ್ದೀರಿ, ಆ ಪಾಪದ ಕಪ್ಪೆಯ ಬಾಗಿದ ಈಟಿಗೆ ಮದ್ದು ಯಾರೂ ಹೇಳ್ಲಿಲ್ಲ.

ಮಾಂತ್ರಿಕರೇ, ಅದು ಮೆತ್ತಗಿನ ಪಿವಿಸಿ. ಡಬ್ಬಿಯಲ್ಲಿ ಒತ್ತಿ ಒತ್ತಿ ಹಾಗೆ ಆಗುದು. ಒಂದು ಬಟ್ಟಲಲ್ಲಿ ಬಿಸಿ ನೀರು, ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟದ್ದು ಸಾಕು. ಇನ್ನೊಂದರಲ್ಲಿ ಐಸ್ ಹಾಕಿದ ನೀರು. ಗೊಂಬೆಯ ಬುಡ ಹಿಡಿದು ತಲೆಕೆಳಗೆ ಮಾಡಿ ಈಟಿ ಮಾತ್ರ ಬಿಸಿ ನೀರಲ್ಲಿ ಮುಳುಗಿಸಿ. ಅರ್ಧ ನಿಮಿಷದಲ್ಲಿ ಅದು ತಾನೇ ನೆಟ್ಟಗಾಗ್ತದೆ, ಅಚ್ಚಿನಿಂದ ಬಂದ ಆಕಾರ ಅದಕ್ಕೆ ನೆನಪುಂಟು. ಆಗದಿದ್ದರೆ ಚಮಚದ ಹಿಂಬದಿಯಿಂದ ಸರಿ ಮಾಡಿ ಕೂಡ್ಲೆ ಐಸ್ ನೀರಿಗೆ ಹಾಕಿ. ಬೆರಳಿಂದ ಮುಟ್ಟಬೇಡಿ, ನಾನು ಮುಟ್ಟಿ ಎರಡು ದಿನ ಮೀನು ಹೆಚ್ಚಲಿಕ್ಕೆ ಆಗ್ಲಿಲ್ಲ. ತೆಳ್ಳಗಿನ ಕತ್ತಿ, ಬಿಲ್ಲು ಇದ್ದರೆ ಕೆಲವು ತಿಂಗಳಲ್ಲಿ ಪುನಃ ಬಾಗುದೂ ಉಂಟು, ಆಗ ಪುನಃ ಸ್ನಾನ.

ಬಣ್ಣದ ವಿಷಯ. ಡಬ್ಬಿಯ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ. ಒಳಗಿನ ಗೊಂಬೆಯ ಕಣ್ಣು ಒಮ್ಮೊಮ್ಮೆ ಕೆನ್ನೆಯಲ್ಲಿ ಇರ್ತದೆ. ಆದರೆ ಅದನ್ನು ಚಂದ ಮಾಡಲಿಕ್ಕೆ ಕಲಾವಿದ ಆಗಬೇಕಂತ ಇಲ್ಲ. ಕಂದು ಬಣ್ಣದ ವಾಶ್ ಒಂದು ಸೀಸೆ ತನ್ನಿ, ನೀರಿನ ಹಾಗೆ ಇರ್ತದೆ. ಮೈ ಇಡೀ ಬಳಿದು ಬಿಡಿ. ಬಣ್ಣ ಸಂದುಗಳಿಗೆ ಇಳಿದು ಬಟ್ಟೆಯ ಮಡಿಕೆ, ಬೆರಳು, ಹಲ್ಲು ಎಲ್ಲ ಎದ್ದು ಕಾಣ್ತದೆ. ಕಪ್ಪೆಗೆ ಹತ್ತು ನಿಮಿಷ ಸಾಕು. ನಡುಗುವ ಕೈಗೂ ಸಾಕು, ಕೆಸರು ಮೆತ್ತಿದ ಹಾಗಲ್ವಾ, ಎಲ್ಲಿ ತಾಗಿದರೂ ಕಪ್ಪೆಗೆ ಚಂದವೇ.

ರಾಳದ ರಾಯ · 11:05

ಇಷ್ಟೆಲ್ಲಾ ಯಾಕೆ? ನಾನು ಗೊಂಬೆ ಮಾಡೋ ರೆಸಿನ್ 3ಡಿ ಪ್ರಿಂಟರ್ ತಗೊಂಡೆ. ಫೈಲ್ ಇಳಿಸ್ಕೋ, ರಾತ್ರಿ ಹಾಕು, ಬೆಳಿಗ್ಗೆ ಎಂಟು ಗಾಬ್ಲಿನ್. ಔಲ್‌ಬೇರ್ ಬೇಕಾ, ಅದೂ ಆಯ್ತು. ಆಮದು ಸುಂಕ ಇಲ್ಲ, ಕಪ್ಪೆ ಇಲ್ಲ, ಕಣ್ಣೀರಿಲ್ಲ.

ಕಡಲತಡಿ · 11:12

ಗ್ಲೌಸ್, ಮಾಸ್ಕ್, ವಾಸನೆ, ಆಲ್ಕೋಹಾಲಲ್ಲಿ ತೊಳೆಯುದು, ಯುವಿ ದೀಪದಲ್ಲಿ ಗಟ್ಟಿ ಮಾಡುದು, ಉಳಿದ ದ್ರವವನ್ನು ಮೋರಿಗೆ ಚೆಲ್ಲಬಾರದು, ಅದೆಲ್ಲ ಯಾರು ಹೇಳುದು? ಮತ್ತೆ ಅವರು ಮೊದಲನೇ ಸಾಲಲ್ಲೇ ಹೇಳಿದ್ದಾರೆ ಪೇಂಟ್ ಮಾಡ್ಲಿಕ್ಕೆ ಆಗುದಿಲ್ಲ ಅಂತ. ನಿಮ್ಮ ಎಂಟು ಗಾಬ್ಲಿನ್ ಬೂದಿ ಬಣ್ಣದಲ್ಲೇ ನಿಂತಿವೆ ಅಂತ ನನಗೆ ಗೊತ್ತುಂಟು, ಫೋಟೋ ಹಾಕಿದ್ದೀರಿ ಹೋದ ವರ್ಷ.

ರಾಳದ ರಾಯ · 11:14

ಅವು ಕಲ್ಲಿನ ಗಾಬ್ಲಿನ್.

ಮಸಾಲೆದೋಸೆ ಮಾಂತ್ರಿಕ · 11:30

ಈಟಿ ನೆಟ್ಟಗಾಯ್ತು!! ಅಮ್ಮ ಸಾರಿಗೆ ಇಟ್ಟಿದ್ದ ನೀರನ್ನೇ ತಗೊಂಡೆ, ಬೈಸಿಕೊಂಡೆ. ಕಡಲತಡಿ ಅವರಿಗೆ ಸಾಷ್ಟಾಂಗ. ಇನ್ನೊಂದು ದಡ್ಡ ಪ್ರಶ್ನೆ. ಡಬ್ಬಿ ತೂಕ ಹಾಕಿ ನೋಡಿದ್ರೆ ಒಳಗೇನಿದೆ ಅಂತ ಗೊತ್ತಾಗಲ್ವಾ?

ಹಳೇ ಬೇರು · ಸಂಜೆ 5:50

ಮೇಜ್ ನೈಟ್ ಕಾಲದಲ್ಲೇ ಜನ ಅದನ್ನ ಮಾಡಿ ಮುಗಿಸಿದ್ದಾರೆ. ನಮ್ಮೂರಿನ ಅಂಗಡಿಗೆ ಒಬ್ಬ ಅಡುಗೆಮನೆ ತಕ್ಕಡಿ ತಂದು, ಒಂದೊಂದೇ ಡಬ್ಬಿ ಇಟ್ಟು, ಗ್ರಾಂ ಲೆಕ್ಕ ಬರ್ಕೊಳ್ತಿದ್ದ. ಅಂಗಡಿಯಾತ ಮೂರನೇ ದಿನ ತಕ್ಕಡಿ ಸಮೇತ ಹೊರಗೆ ಕಳಿಸಿದ. ಐಕನ್ಸ್ ಡಬ್ಬಿಯಲ್ಲಿ ದೊಡ್ಡ ಗೊಂಬೆ ಹೇಗೂ ಒಂದು ಇದ್ದೇ ಇರುತ್ತೆ, ತೂಕದಿಂದ ಹೆಚ್ಚೇನೂ ತಿಳಿಯಲ್ಲ. ತಿಳಿದರೂ ಮಾಡಬೇಡಿ, ನೀವು ಬಿಟ್ಟ ಹಗುರ ಡಬ್ಬಿ ಇನ್ಯಾರೋ ಹುಡುಗನ ತಿಂಗಳ ಪಾಕೆಟ್ ಮನಿ.

ಪಾಲುದಾರ ಪುಟ್ಟ · ಸಂಜೆ 6:35

ನಾವು ಬೆಂಗಳೂರಲ್ಲಿ ಹೇಗೆ ಮಾಡ್ತೀವಿ ಅಂತ ಬರೀತೀನಿ, ಬೇಕಾದವರು ಕಾಪಿ ಮಾಡಿ.

ಮೊದಲು ದುಡ್ಡಿನ ಮಾತು. ಅಮೆರಿಕದ ಬೆಲೆಯನ್ನ ರೂಪಾಯಿಗೆ ಗುಣಿಸಿ ಖುಷಿ ಪಡಬೇಡಿ. ಆಟಿಕೆ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಬೇರೆ ಕಡ್ಡಾಯ. ಅಂಗಡಿಯವರು ಜಾಸ್ತಿ ಹೇಳ್ತಾರೆ ಅಂತ ಬೈಯ್ಯೋ ಮುಂಚೆ ಇದು ತಲೇಲಿರಲಿ. ಹಾಗಾಗಿ ಒಬ್ಬರೇ ಕೇಸ್ ತರಿಸೋದು ನಮ್ಮಂಥವರಿಗೆ ಆಗದ ಮಾತು. ನಾಲ್ಕು ಜನ ಸೇರ್ತೀವಿ.

ಕೇಸ್ ಬಂದ ದಿನ ಯಾರೂ ಒಬ್ಬರೇ ಒಡೆಯೋ ಹಾಗಿಲ್ಲ. ಹೋದ ಸಲ ನಮ್ಮನೆ ಹಾಲಲ್ಲಿ ಚಾಪೆ ಹಾಸಿ ಕೂತ್ವಿ. ಒಬ್ಬ ಡಬ್ಬಿ ಕತ್ತರಿಸೋದು, ಒಬ್ಬ ಪ್ಲಾಸ್ಟಿಕ್ ಬಿಚ್ಚೋದು, ಒಬ್ಬ ಹೆಸರು ಕೂಗೋದು, ನಾನು ನೋಟ್‌ಬುಕ್‌ನಲ್ಲಿ ಗೀಟು ಹಾಕೋದು, ಥೇಟ್ ಮುಯ್ಯಿ ಬರೆದ ಹಾಗೆ. 128 ಗೊಂಬೆ ಚಾಪೆ ಮೇಲೆ ಸಾಲಾಗಿ ನಿಂತಾಗ ನೋಡ್ಬೇಕು, ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತಳು, ಕಾಲಿಡೋಕೆ ಜಾಗ ಇಲ್ಲ.

ಆಮೇಲೆ ಇಪ್ಪತ್ತು ಮುಖದ ದಾಳ. ಜಾಸ್ತಿ ಬಿದ್ದವನು ಮೊದಲು ಆರಿಸ್ತಾನೆ. ಒಂದು, ಎರಡು, ಮೂರು, ನಾಲ್ಕು, ಮತ್ತೆ ತಿರುಗಿ ನಾಲ್ಕು, ಮೂರು, ಎರಡು, ಒಂದು. ಕೊನೆಯವನಿಗೆ ಒಟ್ಟಿಗೆ ಎರಡು ಸಿಗೋದರಿಂದ ಜಗಳ ಇಲ್ಲ. ಹೋದ ಸಲ ನನಗೆ 2 ಬಿತ್ತು, ನಾಲ್ಕನೇಯವನು. ಉಳಿದ ಮೂವರೂ ಮೊದಲ ಮೂರು ಸುತ್ತು ರೆಕ್ಕೆ ಇರೋವು, ಬೆಂಕಿ ಉಗುಳೋವು, ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಹೊಳೆಯೋ ದೆವ್ವಗಳು, ಅದಕ್ಕೇ ಬಿದ್ದರು. ನಾನು ಬಾಯಿ ಮುಚ್ಕೊಂಡು ನೋಲ್ (ಕತ್ತೆಕಿರುಬ ಮುಖದ ರಾಕ್ಷಸ) ಎತ್ಕೊಂಡೆ. ಒಂದು, ಎರಡು, ಆರು ನೋಲ್. ಆರನೇದು ಎತ್ತುವಾಗ ಒಬ್ಬನಿಗೆ ಹೊಳೀತು, "ಲೋ, ಇವನು ಊರಿಗೂರೇ ಕಟ್ತಿದ್ದಾನೆ" ಅಂತ. ಆಗ ತಡವಾಗಿತ್ತು. ಈಗ ಅವರ ಆಟಕ್ಕೆ ನೋಲ್ ದಂಡು ಬೇಕಾದ್ರೆ ನನ್ನ ಹತ್ರನೇ ಬಂದು ಬಾಡಿಗೆಗೆ ತಗೊಂಡು ಹೋಗ್ತಾರೆ. ಬಾಡಿಗೆ ಒಂದು ಖಾಲಿ ದೋಸೆ.

ಕೈಕೊಟ್ಟ ಕೇಸ್ ಕತೆನೂ ಹೇಳ್ತೀನಿ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಅಗ್ಗಕ್ಕೆ ಕೊಟ್ಟ ಅಂತ ಎರಡನೇ ಸಲ ತರಿಸಿದ್ವಿ. ಎರಡು ಬ್ರಿಕ್ ಸರಿ ಇತ್ತು. ಉಳಿದ ಹದಿನಾರು ಡಬ್ಬಿಯಲ್ಲಿ ಒಂದೇ ಒಂದು ರೇರ್ ಇಲ್ಲ. ಆಮೇಲೆ ಮುಚ್ಚಳ ತಿರುಗಿಸಿ ನೋಡಿದ್ರೆ ಅಂಟು ಎರಡು ಪದರ, ಒಂದು ಹಳೇದು ಒಣಗಿ ಹಳದಿಯಾಗಿದೆ, ಅದರ ಮೇಲೆ ಹೊಸದು ಬೆಳ್ಳಗೆ. ಯಾರೋ ತೆಗೆದು, ಒಳ್ಳೇದು ಎತ್ಕೊಂಡು, ಕಾಮನ್ ತುಂಬಿ ಮತ್ತೆ ಅಂಟಿಸಿದ್ದಾರೆ. ಸಾಕ್ಷಿ ಇರಲಿಲ್ಲ, ದುಡ್ಡು ವಾಪಸ್ ಬರಲಿಲ್ಲ. ಅವತ್ತಿಂದ ಮೊದಲ ಡಬ್ಬಿ ಮುಟ್ಟೋ ಮುಂಚೆ ಮೊಬೈಲ್ ಸ್ಟ್ಯಾಂಡ್ ಇಟ್ಟು ವಿಡಿಯೋ ಶುರು.

ಕಟ್ಟುನಿಟ್ಟು · 6:52

ಇದು ಒಪ್ಪುತ್ತೆ. ಎಲ್ಲರೂ ಕಣ್ಣಾರೆ ನೋಡಿ ಆರಿಸಿಕೊಳ್ಳೋದಾದ್ರೆ ಡಬ್ಬಿ ಮುಚ್ಚಿದ್ರೂ ಲೆಕ್ಕಕ್ಕಿಲ್ಲ.

ಸಿಂಗಲ್ಸ್ ಸೀನ · 6:55

ಪುಟ್ಟಣ್ಣ, ಮುಂದಿನ ಕೇಸಲ್ಲಿ ಜಾಗ ಇದ್ಯಾ? ಸುಮ್ನೆ ಕೇಳಿದೆ.

ಲೆಕ್ಕದ ಮಾಸ್ತರ, ಧಾರವಾಡ · 6:56

ನಕ್ಕು ನಕ್ಕು ಸಾಕಾತು.

ಹಳೇ ಬೇರು · ಸೋಮವಾರ ಬೆಳಿಗ್ಗೆ 6:40

ಮಾಂತ್ರಿಕರಿಗೆ ಔಲ್‌ಬೇರ್ ಬೇಕು ಅಂದಾಗಿನಿಂದ ಈ ಕತೆ ನಾಲಿಗೆ ತುದಿಯಲ್ಲಿದೆ.

ಔಲ್‌ಬೇರ್ ಹುಟ್ಟಿದ್ದು ಪುರಾಣದಿಂದಲೂ ಅಲ್ಲ, ಜನಪದದಿಂದಲೂ ಅಲ್ಲ. ಡಿ ಅಂಡ್ ಡಿ 1974ರಲ್ಲಿ ಬಂತಲ್ಲ, ಅದಕ್ಕೂ ಮುಂಚೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನೋ ಸಣ್ಣ ಊರಲ್ಲಿ ಗ್ಯಾರಿ ಗೈಗ್ಯಾಕ್ಸ್ ಗೊಂಬೆ ಯುದ್ಧ ಆಡಿಸ್ತಿದ್ದರು. ಸೈನಿಕರ ಗೊಂಬೆ ಸಿಗ್ತಿತ್ತು, ರಾಕ್ಷಸರದ್ದು ಇರಲಿಲ್ಲ. ಅಗ್ಗದ ಅಂಗಡಿಯಿಂದ ಒಂದು ಚೀಲ ಪ್ಲಾಸ್ಟಿಕ್ ಪ್ರಾಣಿ ತಂದರು. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು, ಮೇಲೆ "ಇತಿಹಾಸಪೂರ್ವ ಪ್ರಾಣಿಗಳು" ಅಂತ ಚೀಟಿ. ಒಳಗಿದ್ದವು ಯಾವ ಇತಿಹಾಸದಲ್ಲೂ ಇಲ್ಲದ ವಿಚಿತ್ರಗಳು. ಕೊಕ್ಕು ಇರೋ ಕರಡಿಯಂಥದ್ದು ಔಲ್‌ಬೇರ್ ಆಯ್ತು. ಬಾಲದ ತುದಿಗೆ ಫ್ಯಾನ್ ಥರ ಏನೋ ಇದ್ದದ್ದು ಕಬ್ಬಿಣ ತಿನ್ನೋ ರಸ್ಟ್ ಮಾನ್‌ಸ್ಟರ್. ಬೆನ್ನ ಮೇಲೆ ಚಿಪ್ಪಿದ್ದದ್ದು ನೆಲದೊಳಗಿಂದ ಹಾರಿ ಬರೋ ಬುಲೆಟ್ ಅನ್ನೋ ಪ್ರಾಣಿ.

ಅಂದರೆ ಚೀಲದಲ್ಲಿ ಏನು ಬಂತೋ ಅದನ್ನೇ ಟೇಬಲ್ ಮೇಲಿಟ್ಟು, ಆಮೇಲೆ ಅದು ಏನು ಮಾಡುತ್ತೆ ಅಂತ ಬರೆದರು. ನಾವೀಗ ಆ ಚೀಲದ ಗೊಂಬೆಗೆ ನಕ್ಷತ್ರ ಹಾಕಿ, ಅದು ಬರಲಿಲ್ಲ ಅಂತ 32 ಡಬ್ಬಿ ಹರೀತಿದ್ದೀವಿ.

ಮಸಾಲೆದೋಸೆ ಮಾಂತ್ರಿಕ · ಸೋಮವಾರ 7:05

ಇದು ನಿಜಾನಾ?? ಆಫೀಸಿಗೆ ಹೋಗೋ ಬಸ್ಸಲ್ಲಿ ಓದಿ ಸ್ಟಾಪ್ ತಪ್ಪಿಸಿಕೊಂಡೆ.

ಗುಬ್ಬಿಮರಿ · ಸೋಮವಾರ ಮಧ್ಯಾಹ್ನ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗೋಳು. ಗೊಂಬೆ ಅಂದ ಕೂಡಲೇ ತಡೆಯಕ್ಕಾಗಲಿಲ್ಲ. ನಮ್ಮನೇಲಿ ದಸರಾಕ್ಕೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸ್ತೀವಿ. ಹೋದ ವರ್ಷ ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕಾಡು ಮಾಡಿದ್ರು, ರಾಗಿ ಮೊಳಕೆ ಹಾಕಿ. ಚನ್ನಪಟ್ಟಣದ ಆನೆ, ಹುಲಿ ಎಲ್ಲಾ ಇತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ನನ್ನ ಎರಡು ಟ್ರೋಲ್, ಒಂದು ಬಿಹೋಲ್ಡರ್ ಕಾಡಿನ ಮಧ್ಯೆ ನಿಂತಿವೆ. ಅತ್ತೆನೇ ಇಟ್ಟಿದ್ದು. "ಕಾಡು ಅಂದ್ಮೇಲೆ ರಾಕ್ಷಸರು ಬೇಡ್ವಾ?" ಅಂದ್ರು. ಬಂದೋರೆಲ್ಲ ಆ ಒಕ್ಕಣ್ಣಿನ ಚೆಂಡು ಯಾವ ದೇವರು ಅಂತ ಕೇಳೋರು. ಮೂರನೇ ದಿನದಿಂದ ಅತ್ತೆ ಉತ್ತರ ಕೊಡೋದು ಬಿಟ್ಟು, ಮುಂದೆ ಒಂದು ಹೂವಿಟ್ಟುಬಿಟ್ಟರು.

ಕಡಲತಡಿ · ಸೋಮವಾರ ಮಧ್ಯಾಹ್ನ

ಬಿಹೋಲ್ಡರಿಗೆ ಹೂವು! ಇನ್ನು ನನಗೆ ನೋಡಲಿಕ್ಕೆ ಎಂತದೂ ಬಾಕಿ ಇಲ್ಲ.

ಮಸಾಲೆದೋಸೆ ಮಾಂತ್ರಿಕ · ಎರಡು ವಾರ ಬಿಟ್ಟು, ಭಾನುವಾರ ರಾತ್ರಿ 9:30

ವರದಿ ಒಪ್ಪಿಸ್ತೀನಿ.

ಬ್ರಿಕ್ ತಗೊಳ್ಳಲಿಲ್ಲ. ಪುಟ್ಟಣ್ಣನ ಮುಂದಿನ ಕೇಸಿಗೆ ಕಾಲು ಪಾಲು ದುಡ್ಡು ಹಾಕಿದೀನಿ, ಸೀನನೂ ಹಾಕಿದಾನೆ, ಅವನು ಹೇಳಲ್ಲ ಅಂತ ನಾನೇ ಹೇಳ್ತಿದೀನಿ. ಆರು ಗಾಬ್ಲಿನ್ ಬಿಡಿಯಾಗಿ ಒಬ್ಬರ ಹತ್ರ ಸಿಕ್ತು. ಔಲ್‌ಬೇರ್ ಇನ್ನೂ ಇಲ್ಲ.

ಇವತ್ತಿನ ಆಟ ಪೂರ್ತಿ ಕಪ್ಪೆಗಳದ್ದೇ. ಬರಗಾಲ ಬಿದ್ದ ಊರು, ಕೆರೆ ಒಣಗಿದೆ, ಊರವರು ಕಪ್ಪೆ ಮದುವೆ ಮಾಡಿಸಬೇಕು ಅಂತ ಜೌಗಿನಿಂದ ಇಬ್ಬರು ಬುಲ್ಲಿವಗ್‌ಗಳನ್ನ ಹಿಡಿದು ತಂದಿದ್ದಾರೆ. ನಮ್ಮ ಆಟಗಾರರ ಕೆಲಸ ಮದುವೆ ಮುಗಿಯೋವರೆಗೂ ಕಾವಲು. ವಾಶ್ ಬಳಿದಿದ್ದೆ, ಕಡಲತಡಿ ಹೇಳಿದ ಹಾಗೆ ಕೆಸರು ಮೆತ್ತಿದಂಗೇ ಕಾಣ್ತಿತ್ತು. ವಧೂ ವರರಿಗೆ ಅಮ್ಮ ಅರಿಶಿನದ ದಾರ ಕಟ್ಟಿದ್ದರು. ಮೂರನೇ ಕಪ್ಪೆ, ಮೊದಲು ಈಟಿ ಬಾಗಿದ್ದದ್ದು, ಪುರೋಹಿತ. ನಾಲ್ಕು ಗಂಟೆ ಆಟದಲ್ಲಿ ಯಾರೂ ಕತ್ತಿ ಎತ್ತಲಿಲ್ಲ, ಮುಹೂರ್ತ ಮೀರುತ್ತೆ ಅಂತ ಪುರೋಹಿತನ ಜೊತೆ ಜಗಳ ಆಡಿದ್ದೇ ಆಯ್ತು.

ಮುಂದಿನ ವಾರ ಹೆಣ್ಣಿನ ಕಡೆಯವರು ಬರ್ತಾರೆ. ಯಾರ ಹತ್ರಾದ್ರೂ ಬುಲ್ಲಿವಗ್ ಬಿದ್ದಿದ್ರೆ ಕೊಡಿ, ನಾಲ್ಕೈದು ಬೇಕು. ಬದಲಿಗೆ ಒಂದು ಓಗರ್ ಕೊಡ್ತೀನಿ.

ಸಿಂಗಲ್ಸ್ ಸೀನ · 9:34

ನನ್ನ ಹತ್ರ ಎರಡಿವೆ. ಹೇಗೆ ಬಂದ್ವು ಅಂತ ಕೇಳಬೇಡಿ.